ರೈಲಿಗೆ ರಾಜ್ಯದ ಹಣ: ನಿಮಿಷದ ಲೆಕ್ಕ ಕೇಳೋಣ

ಬೆಳಿಗ್ಗೆ ಆರೂವರೆಯ ಹೊತ್ತಿಗೆ ಮಂಡ್ಯ ರೈಲು ನಿಲ್ದಾಣದಲ್ಲಿ ನಿಂತರೆ ಕರ್ನಾಟಕದ ಅರ್ಥವ್ಯವಸ್ಥೆಯ ಒಂದು ಪುಟ್ಟ ಪ್ರತಿರೂಪ ಕಣ್ಣಿಗೆ ಬೀಳುತ್ತದೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಚೀಲ, ಜೇಬಿನಲ್ಲಿ ಸೀಸನ್ ಟಿಕೆಟ್. ಸಿದ್ಧ ಉಡುಪು ಕಾರ್ಖಾನೆಯ ಮೇಲ್ವಿಚಾರಕಿ, ಬ್ಯಾಂಕಿನ ಗುಮಾಸ್ತ, ನರ್ಸಿಂಗ್ ಓದುತ್ತಿರುವ ಹುಡುಗಿ, ನ್ಯಾಯಾಲಯದ ತಾರೀಖಿಗಾಗಿ ಹೊರಟ ರೈತ, ಎಲ್ಲರೂ ಒಂದೇ ಡಬ್ಬಿಗೆ ಹತ್ತಲು ಕಾದಿರುತ್ತಾರೆ. ನಿವೃತ್ತಿಯ ನಂತರ ತಿಂಗಳಿಗೆ ಎರಡು ಬಾರಿಯಾದರೂ ಈ ದಾರಿಯಲ್ಲಿ ಓಡಾಡುವ ನನಗೆ ಇವರ ಮಾತು ಪರಿಚಿತ. ಬುಲೆಟ್ ರೈಲಿನ ವಿಷಯವನ್ನು ಇವರು ಪ್ರಸ್ತಾಪಿಸಿದ್ದನ್ನು ನಾನು ಕೇಳಿಲ್ಲ. ಇವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ‘ಇವತ್ತು ಎಷ್ಟು ಲೇಟು?’

ಈ ಪ್ರಶ್ನೆಗೂ ವಿಧಾನಸೌಧ ಮತ್ತು ಸಂಸತ್ತಿನಲ್ಲಿ ನಡೆಯುವ ರೈಲಿನ ಚರ್ಚೆಗೂ ಸಂಬಂಧ ಕಡಿದುಹೋಗಿದೆ ಎಂಬುದೇ ಈ ಲೇಖನದ ಕಾಳಜಿ. ಅಲ್ಲಿ ಚರ್ಚೆ ನಡೆಯುವುದು ಕಿಲೋಮೀಟರ್ ಮತ್ತು ಕೋಟಿಗಳ ಭಾಷೆಯಲ್ಲಿ: ಎಷ್ಟು ಕಿ.ಮೀ. ಹೊಸ ಮಾರ್ಗ, ಎಷ್ಟು ಕೋಟಿ ಅನುದಾನ, ಗಂಟೆಗೆ ಎಷ್ಟು ಕಿ.ಮೀ. ಗರಿಷ್ಠ ವೇಗ. ಪ್ರಯಾಣಿಕ ಬದುಕುವುದು ನಿಮಿಷಗಳಲ್ಲಿ. ಸಾರ್ವಜನಿಕ ಹಣ ನಿಜವಾಗಿ ಖರೀದಿಸಬೇಕಾದುದು ಆ ನಿಮಿಷಗಳನ್ನು. ಆದರೆ ನಮ್ಮಲ್ಲಿ ಕೊಟ್ಟ ರೂಪಾಯಿಗೆ ಎಷ್ಟು ನಿಮಿಷ ಉಳಿಯಿತು ಎಂದು ಕೇಳುವ ಪದ್ಧತಿಯೇ ಬೆಳೆದಿಲ್ಲ.

2026–27ರ ಕೇಂದ್ರ ಬಜೆಟ್‌ನಲ್ಲಿ ಏಳು ಹೈಸ್ಪೀಡ್ ರೈಲು ಕಾರಿಡಾರ್‌ಗಳ ಪ್ರಸ್ತಾಪವಾಯಿತು. ಅವುಗಳಲ್ಲಿ ಹೈದರಾಬಾದ್–ಬೆಂಗಳೂರು ಮತ್ತು ಚೆನ್ನೈ–ಬೆಂಗಳೂರು ಸೇರಿರುವುದರಿಂದ ನಮ್ಮಲ್ಲೂ ಸಂಭ್ರಮ ಮೂಡಿದ್ದು ಸಹಜ. ಸಂಭ್ರಮಕ್ಕೆ ಮುನ್ನ ಕೆಲವು ಅಂಕಿಗಳನ್ನು ಎದುರಿಗಿಟ್ಟುಕೊಳ್ಳುವುದು ಒಳಿತು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ ಉದ್ದ 508 ಕಿ.ಮೀ.; ಮೂಲ ಅಂದಾಜು 1.08 ಲಕ್ಷ ಕೋಟಿ ರೂಪಾಯಿ, ಅಂದರೆ ಕಿಲೋಮೀಟರಿಗೆ 210 ಕೋಟಿ ರೂಪಾಯಿಗೂ ಹೆಚ್ಚು. ದೆಹಲಿ–ಮೀರತ್ ನಡುವಿನ 82 ಕಿ.ಮೀ. ಪ್ರಾದೇಶಿಕ ಕ್ಷಿಪ್ರ ರೈಲಿಗೆ ಅಂದಾಜಿಸಿದ ವೆಚ್ಚ 30,274 ಕೋಟಿ. ಕಿಲೋಮೀಟರಿಗೆ ಸುಮಾರು 370 ಕೋಟಿ. ಕೇರಳ ಯೋಜಿಸಿದ್ದ 530 ಕಿ.ಮೀ.ನ ‘ಸಿಲ್ವರ್‌ಲೈನ್’ಗೆ 63,941 ಕೋಟಿ ಎಂದು ಲೆಕ್ಕ ಹಾಕಲಾಗಿತ್ತು, ಮನೆ, ಗದ್ದೆಗಳ ನಡುವೆ ಸರ್ವೆ ಕಲ್ಲು ನೆಡಲು ಹೊರಟಾಗ ಎದ್ದ ಪ್ರತಿಭಟನೆಯಿಂದಾಗಿಯೂ ಕೇಂದ್ರದ ಅನುಮೋದನೆ ದೊರೆಯದ್ದರಿಂದಲೂ ಅದು ಮುಂದೆ ಸಾಗಲಿಲ್ಲ. ಇವೆಲ್ಲ ಅನವಶ್ಯಕ ಯೋಜನೆಗಳೆಂದು ನಾನು ಹೇಳುತ್ತಿಲ್ಲ. ದೆಹಲಿ–ಮೀರತ್ ರೈಲಿನ ಮೊದಲ 17 ಕಿ.ಮೀ. 2023ರ ಅಕ್ಟೋಬರ್‌ನಲ್ಲಿ ಆರಂಭವಾದಾಗ, ಗಂಟೆಗೆ 160 ಕಿ.ಮೀ. ವೇಗದ ಪ್ರಾದೇಶಿಕ ರೈಲು ಈ ದೇಶದಲ್ಲೂ ಸಾಧ್ಯವೆಂಬುದು ಸಾಬೀತಾಯಿತು. ಆದರೆ ಇಷ್ಟು ದುಬಾರಿ ಮಾರ್ಗಗಳನ್ನು ನಾವು ಎಷ್ಟು ಕಟ್ಟಬಲ್ಲೆವು, ಅಲ್ಲಿಯವರೆಗೆ ಮಂಡ್ಯ, ತುಮಕೂರು, ಅರಸೀಕೆರೆ, ಹಾವೇರಿಗಳ ಪ್ರಯಾಣಿಕ ಏನು ಮಾಡಬೇಕು ಎಂಬ ಪ್ರಶ್ನೆಗಳು ಉಳಿಯುತ್ತವೆ.

ಇಲ್ಲಿ ಶಾಲೆಯ ಹುಡುಗರಿಗೂ ಅರ್ಥವಾಗುವ ಒಂದು ಗಣಿತವಿದೆ. ಹತ್ತು ಕಿ.ಮೀ. ಹಳಿಯ ಮೇಲೆ ರೈಲು ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಬಹಳ ಹಣ ಖರ್ಚು ಮಾಡಿ ಆ ವೇಗವನ್ನು 130ಕ್ಕೆ ಏರಿಸಿದರೆ ಉಳಿಯುವುದು ಕೇವಲ 50 ಸೆಕೆಂಡು. ಅದೇ ಹತ್ತು ಕಿ.ಮೀ.ಯಲ್ಲಿ ರೈಲು ಗಂಟೆಗೆ 30 ಕಿ.ಮೀ. ವೇಗದಲ್ಲಿ ತೆವಳುತ್ತಿದ್ದು, ಅದನ್ನು 60ಕ್ಕೆ ಏರಿಸಿದರೆ ಉಳಿಯುವುದು ಪೂರ್ತಿ ಹತ್ತು ನಿಮಿಷ. ನೂರು ಕಿ.ಮೀ. ಉದ್ದಕ್ಕೂ 110ನ್ನು 130 ಮಾಡಿದರೂ ಉಳಿಯುವುದು ಎಂಟು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ, ನೂರು ಕಿ.ಮೀ. ಒಳ್ಳೆಯ ಹಳಿಯನ್ನು ಇನ್ನಷ್ಟು ಒಳ್ಳೆಯದಾಗಿಸುವುದಕ್ಕಿಂತ ಹತ್ತು ಕಿ.ಮೀ. ಕೆಟ್ಟ ಹಳಿಯನ್ನು ಸಾಧಾರಣಗೊಳಿಸುವುದರಿಂದಲೇ ಪ್ರಯಾಣಿಕನಿಗೆ ಹೆಚ್ಚು ಲಾಭ.

ಆ ಕೆಟ್ಟ ಕಿಲೋಮೀಟರುಗಳು ಎಲ್ಲಿವೆ? ಅವು ಪತ್ರಿಕೆಯ ಮುಖಪುಟಕ್ಕೆ ಬರುವ ಜಾಗಗಳಲ್ಲಿಲ್ಲ. ನಗರದ ದೊಡ್ಡ ನಿಲ್ದಾಣಕ್ಕೆ ಪ್ರವೇಶಿಸುವ ಇಕ್ಕಟ್ಟಾದ ಯಾರ್ಡಿನಲ್ಲಿವೆ, ಹಳೆಯ ಸೇತುವೆಗಳ ಮೇಲಿವೆ, ತೀವ್ರ ತಿರುವುಗಳಲ್ಲಿವೆ, ಮೇಲ್ಸೇತುವೆ ಆಗದೆ ಉಳಿದ ಲೆವೆಲ್ ಕ್ರಾಸಿಂಗ್‌ಗಳಲ್ಲಿವೆ, ಮುಂದಿನ ರೈಲು ಪೂರ್ತಿ ನಿಲ್ದಾಣ ದಾಟುವವರೆಗೆ ಹಿಂದಿನದನ್ನು ಕಾಯಿಸುವ ಹಳೆಯ ಸಿಗ್ನಲ್ ಪದ್ಧತಿಯಲ್ಲಿವೆ. ಇವುಗಳನ್ನು ಸರಿಪಡಿಸುವುದಕ್ಕೆ ಶಿಲಾನ್ಯಾಸ ಸಮಾರಂಭ ನಡೆಯುವುದಿಲ್ಲ. ಸ್ವಯಂಚಾಲಿತ ಸಿಗ್ನಲ್ ಕಂಬಕ್ಕೆ ಹಸಿರು ಬಾವುಟ ತೋರಿಸಲು ಯಾವ ಮಂತ್ರಿಯೂ ಬರುವುದಿಲ್ಲ. ಆದ್ದರಿಂದಲೇ ಅವು ಉಳಿದುಕೊಂಡಿವೆ ಎಂಬ ಅನುಮಾನ, ಆಡಳಿತದ ಒಳಗಿನಿಂದ ಇದನ್ನು ನೋಡಿದ ನನಗಿದೆ.

ವಂದೇ ಭಾರತ್ ರೈಲು ಇದಕ್ಕೆ ಉತ್ತಮ ಉದಾಹರಣೆ. 2022ರ ನವೆಂಬರ್‌ನಲ್ಲಿ ಚೆನ್ನೈ–ಮೈಸೂರು ನಡುವೆ, 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ನಡುವೆ, 2025ರ ಆಗಸ್ಟ್‌ನಲ್ಲಿ ಬೆಂಗಳೂರು–ಬೆಳಗಾವಿ ನಡುವೆ ಈ ರೈಲುಗಳು ಬಂದವು. ರೈಲು ಚೆನ್ನಾಗಿದೆ, ನಮ್ಮ ಎಂಜಿನಿಯರುಗಳ ಸಾಧನೆ ಹೆಮ್ಮೆ ಪಡುವಂಥದ್ದೇ. ಗಂಟೆಗೆ 160 ಕಿ.ಮೀ. ಓಡಬಲ್ಲ ಶಕ್ತಿ ಅದಕ್ಕಿದೆ. ಆದರೆ ಸುಮಾರು 490 ಕಿ.ಮೀ. ದೂರದ ಧಾರವಾಡಕ್ಕೆ ಆರಂಭದ ವೇಳಾಪಟ್ಟಿಯಲ್ಲಿ ಅದು ತೆಗೆದುಕೊಂಡದ್ದು ಹೆಚ್ಚುಕಡಿಮೆ ಆರೂವರೆ ಗಂಟೆ. ಸರಾಸರಿ ವೇಗ ಗಂಟೆಗೆ 76 ಕಿ.ಮೀ. ಕುದುರೆ ಹೊಸದು, ದಾರಿ ಹಳೆಯದು. ವೇಗ ಇರುವುದು ಡಬ್ಬಿಯ ಬಣ್ಣದಲ್ಲಲ್ಲ, ಹಳಿ ಮತ್ತು ಸಿಗ್ನಲಿನಲ್ಲಿ. ಇದಕ್ಕೆ ಪ್ರತಿಯಾಗಿ, 2016ರ ಏಪ್ರಿಲ್‌ನಲ್ಲಿ ದೆಹಲಿಯ ನಿಜಾಮುದ್ದೀನ್‌ನಿಂದ ಆಗ್ರಾಕ್ಕೆ ಆರಂಭವಾದ ಗತಿಮಾನ್ ಎಕ್ಸ್‌ಪ್ರೆಸ್ 188 ಕಿ.ಮೀ.ಯನ್ನು ನೂರು ನಿಮಿಷದಲ್ಲಿ ಕ್ರಮಿಸುವಂತೆ ವೇಳೆ ನಿಗದಿಯಾಯಿತು. ಅದಕ್ಕಾಗಿ ಪ್ರತ್ಯೇಕ ಎತ್ತರದ ಮಾರ್ಗ ಕಟ್ಟಿರಲಿಲ್ಲ. ಇದ್ದ ಹಳಿಯನ್ನೇ ಬಲಪಡಿಸಿ ಸಿದ್ಧಗೊಳಿಸಲಾಗಿತ್ತು.

ಈಗ ನಮ್ಮ ಬೆಂಗಳೂರು–ಮೈಸೂರು ಮಾರ್ಗಕ್ಕೆ ಬರೋಣ. ಈ ಹಳಿಯ ಚರಿತ್ರೆಯೇ ಸಾರ್ವಜನಿಕ ಹಣದ ಒಂದು ಪಾಠ. 1876–78ರ ಭೀಕರ ಕ್ಷಾಮದ ದಿನಗಳಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿಯೂ ಇದರ ಕೆಲಸ ನಡೆಯಿತು. 1882ರಲ್ಲಿ ರೈಲು ಮೈಸೂರನ್ನು ತಲುಪಿತು. ಹಣ ಮೈಸೂರು ಸಂಸ್ಥಾನದ್ದು. 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿದಾಗ, ಕ್ಷಾಮದ ಕಾರಣಕ್ಕೆ ಸಂಸ್ಥಾನದ ತಲೆಯ ಮೇಲೆ ಸುಮಾರು 80 ಲಕ್ಷ ರೂಪಾಯಿಯ ಸಾಲವಿತ್ತು. ಅಂಥ ಸ್ಥಿತಿಯಲ್ಲೂ ದಿವಾನ್ ರಂಗಾಚಾರ್ಲು ಅವರು ರೈಲು ಮಾರ್ಗವನ್ನು ಪೂರೈಸಿದರು. ಆದರೆ ಮುಂದಿನ ವಿಸ್ತರಣೆಗೆ ಬಂಡವಾಳ ತರುವ ಸಲುವಾಗಿ 1886ರಲ್ಲಿ ಆ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಯ ವಶಕ್ಕೆ ಕೊಡಬೇಕಾಯಿತು. ತಾನೇ ಕಟ್ಟಿದ ಹಳಿಯ ನಿರ್ವಹಣೆಯನ್ನು ಮರಳಿ ಪಡೆಯಲು ಸಂಸ್ಥಾನಕ್ಕೆ ದಶಕಗಳೇ ಹಿಡಿದವು. ಹಣ ಒಬ್ಬರದು, ಅಧಿಕಾರ ಇನ್ನೊಬ್ಬರದು ಎಂಬ ಏರ್ಪಾಡು ನಮಗೆ ಹೊಸದಲ್ಲ.

ತೊಂಬತ್ತರ ದಶಕದಲ್ಲಿ ಈ ಮಾರ್ಗ ಬ್ರಾಡ್‌ಗೇಜ್ ಆಯಿತು. ನಂತರ ರಾಜ್ಯ ಸರ್ಕಾರವೂ ವೆಚ್ಚ ಹಂಚಿಕೊಂಡು ಜೋಡಿ ಹಳಿ ಹಾಕಲಾಯಿತು, ವಿದ್ಯುದೀಕರಣವಾಯಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಎರಡನೆಯ ಹಳಿಗೆ ಅಡ್ಡವಾಗಿ ನಿಂತು, ಉಳಿದೆಡೆ ಮುಗಿದ ಕೆಲಸವನ್ನು ವರ್ಷಗಟ್ಟಲೆ ತಡೆದದ್ದು ಓದುಗರಿಗೆ ನೆನಪಿರಬಹುದು. 2017ರ ಮಾರ್ಚ್‌ನಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆಗೆ ಸರಿಸಲಾಯಿತು. 138 ಕಿ.ಮೀ. ಯೋಜನೆಯ ಫಲ ಕೆಲವು ನೂರು ಮೀಟರಿನ ಮೇಲೆ ನಿಂತಿತ್ತು! ನಾನು ಮೇಲೆ ಹೇಳಿದ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಷ್ಟೆಲ್ಲ ಆದ ಮೇಲೂ ಈ 138 ಕಿ.ಮೀ. ಕ್ರಮಿಸಲು ವೇಗದ ರೈಲುಗಳಿಗೆ ಹೆಚ್ಚುಕಡಿಮೆ ಎರಡು ಗಂಟೆ ಬೇಕು. ಅಂದರೆ ಸರಾಸರಿ ಗಂಟೆಗೆ 70 ಕಿ.ಮೀ. ಇದನ್ನು 90 ನಿಮಿಷಕ್ಕೆ ಇಳಿಸಲು ಬುಲೆಟ್ ರೈಲು ಬೇಕಿಲ್ಲ. ಸರಾಸರಿ 92 ಕಿ.ಮೀ. ವೇಗ ಸಾಕು. ಕೆಲವು ತಿರುವುಗಳನ್ನು ನೇರಗೊಳಿಸಿ, ಬೆಂಗಳೂರು ಮತ್ತು ಮೈಸೂರು ಯಾರ್ಡುಗಳ ಇಕ್ಕಟ್ಟನ್ನು ಬಿಡಿಸಿ, ಹಳಿಯ ಪಕ್ಕ ಬೇಲಿ ಹಾಕಿ, ಸಿಗ್ನಲ್ ಆಧುನೀಕರಿಸಿದರೆ ಇದು ಕೈಗೆಟುಕುವ ಗುರಿ. ದಿನಕ್ಕೆ 10,000 ಪ್ರಯಾಣಿಕರಿಗೆ ತಲಾ ಅರ್ಧ ಗಂಟೆ ಉಳಿಯುತ್ತದೆಂದು ಉದಾಹರಣೆಗೆ ಇಟ್ಟುಕೊಳ್ಳಿ. 300 ದಿನಗಳಿಗೆ ಅದು 15 ಲಕ್ಷ ಗಂಟೆ. ಆ ಗಂಟೆಗಳಿಗೆ ಬೆಲೆ ಕಟ್ಟುವುದು ಅರ್ಥಶಾಸ್ತ್ರಜ್ಞರ ಕೆಲಸ. ಮನೆಯಲ್ಲಿ ಮಗುವಿನೊಡನೆ ಊಟಕ್ಕೆ ಕೂರುವ ಅರ್ಧ ಗಂಟೆ ಯಾವ ಲೆಕ್ಕಕ್ಕೂ ಸಿಗದಿದ್ದರೂ ಅದು ಲಾಭವೇ.

ರಸ್ತೆ ಇದೆಯಲ್ಲ ಎನ್ನುವವರಿದ್ದಾರೆ. ನಿಜ, 118 ಕಿ.ಮೀ.ನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 8,480 ಕೋಟಿ ರೂಪಾಯಿ ವೆಚ್ಚದಲ್ಲಿ ನಿರ್ಮಾಣವಾಗಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಪ್ರಯಾಣ 75 ನಿಮಿಷವೆಂದು ಘೋಷಿಸಲಾಯಿತು. ಆದರೆ ಆ ಲೆಕ್ಕ ಊರಂಚಿನಿಂದ ಊರಂಚಿಗೆ. ನಡುಪೇಟೆಯಿಂದ ಕೆಂಗೇರಿ ತಲುಪುವ ಹೊತ್ತನ್ನು ಕಾರಿನಲ್ಲಿ ಕುಳಿತವರೇ ಹೇಳಬೇಕು. ಸರಣಿ ಅಪಘಾತಗಳ ನಂತರ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಷೇಧಿಸಲಾಯಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಪರಿಣಾಮವೇನೆಂದರೆ, ಕಾರು ಇಲ್ಲದವನಿಗೆ ಸಾರ್ವಜನಿಕ ಹಣದ ಆ ವೇಗ ದಕ್ಕುವುದು ಬಸ್ಸಿನಲ್ಲಿ ಕುಳಿತಾಗ ಮಾತ್ರ. ತನ್ನ ವಾಹನದಲ್ಲಿ ಹೋಗುವುದಾದರೆ ಪಕ್ಕದ ಸರ್ವಿಸ್ ರಸ್ತೆಯೇ ಗತಿ. ರೈಲು ಮಾತ್ರವೇ ಸೀಸನ್ ಟಿಕೆಟಿನ ದರದಲ್ಲಿ ಅವನಿಗೂ ವೇಗ ಕೊಡಬಲ್ಲದು.

ಇನ್ನು ರಾಜ್ಯದ ಹಣದ ಮಾತು. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ರೈಲ್ವೆ ಇದೆ. ಆದರೂ ನೆರೆಯ ಅನೇಕ ರಾಜ್ಯಗಳಿಗಿಂತ ಮೊದಲೇ ಕರ್ನಾಟಕ ತನ್ನ ಬೊಕ್ಕಸದಿಂದ ರೈಲಿಗೆ ಹಣ ಹಾಕತೊಡಗಿತು. 2000ನೇ ಇಸವಿಯಲ್ಲಿ ರಾಜ್ಯ ಮತ್ತು ರೈಲ್ವೆ ಸಚಿವಾಲಯ ಸೇರಿ ‘ಕೆ–ರೈಡ್’ ಕಂಪನಿಯನ್ನು ಸ್ಥಾಪಿಸಿದವು. ಹಲವು ಹೊಸ ಮಾರ್ಗಗಳಿಗೆ ಅರ್ಧ ವೆಚ್ಚ ಮತ್ತು ಉಚಿತ ಭೂಮಿ ಕೊಡಲು ರಾಜ್ಯ ಒಪ್ಪಿತು. ಇತರ ದಾರಿಗಳಿಲ್ಲದಿದ್ದಾಗ ಇದು ವಿವೇಕದ ತೀರ್ಮಾನವೇ ಆಗಿತ್ತು. ಇಲ್ಲವಾದರೆ ನಮ್ಮ ಮಾರ್ಗಗಳು ಕಡತಗಳಲ್ಲೇ ಉಳಿಯುತ್ತಿದ್ದವು.

ಆದರೆ ಫಲ ಬಂದದ್ದು ಹೇಗೆ? ತೊಂಬತ್ತರ ದಶಕದ ನಡುವಿನಲ್ಲಿ ಮಂಜೂರಾದ ಹಾಸನ–ಬೆಂಗಳೂರು ಮಾರ್ಗ ಪೂರ್ಣಗೊಂಡು ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ಅದೇ ದಶಕದ ಕೊನೆಗೆ ಮಂಜೂರಾದ 110 ಕಿ.ಮೀ.ನ ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್‌ನಲ್ಲಿ. ಬೆಂಗಳೂರು–ಹುಬ್ಬಳ್ಳಿ ದೂರವನ್ನು 60 ಕಿ.ಮೀ.ಗೂ ಹೆಚ್ಚು ತಗ್ಗಿಸಬಲ್ಲ, 191 ಕಿ.ಮೀ.ನ ತುಮಕೂರು–ದಾವಣಗೆರೆ ನೇರ ಮಾರ್ಗ ಮಂಜೂರಾದದ್ದು 2011–12ರಲ್ಲಿ. ಒಂದೂವರೆ ದಶಕವಾಗುತ್ತ ಬಂದರೂ ಆ ದಾರಿಯಲ್ಲಿ ಹುಬ್ಬಳ್ಳಿಗೆ ಹೋಗುವ ಭಾಗ್ಯ ನಮಗೆ ಬಂದಿಲ್ಲ. ಬೆಂಗಳೂರು ಉಪನಗರ ರೈಲಿನ ಕಥೆಯೂ ಅದೇ. 148 ಕಿ.ಮೀ., ನಾಲ್ಕು ಕಾರಿಡಾರ್, 15,767 ಕೋಟಿ ರೂಪಾಯಿ. 2022ರ ಜೂನ್ 20ರಂದು ಶಂಕುಸ್ಥಾಪನೆಯಾದಾಗ 40 ತಿಂಗಳ ಗಡುವು ಹೇಳಲಾಗಿತ್ತು. ಆ ಗಡುವು 2025ರ ಅಕ್ಟೋಬರ್‌ನಲ್ಲಿ ಮುಗಿದಾಗ ಒಂದು ಕಾರಿಡಾರಿನಲ್ಲೂ ರೈಲು ಓಡಿರಲಿಲ್ಲ.

ಈ ವಿಳಂಬಕ್ಕೆ ಕೇಂದ್ರವನ್ನಷ್ಟೇ ದೂರುವುದು ಪ್ರಾಮಾಣಿಕವಾಗದು. ಭೂಸ್ವಾಧೀನ ನಮ್ಮ ಕೆಲಸ, ಅಂದರೆ ರಾಜ್ಯದ ಅಧಿಕಾರಿಗಳ ಕೆಲಸ. ತೊಂಬತ್ತರ ದಶಕದಲ್ಲಿ ಜಿಲ್ಲೆಯೊಂದರಲ್ಲಿ ನಾನು ಉಪವಿಭಾಗದ ಹೊಣೆಯಲ್ಲಿದ್ದಾಗ ಹೊಸ ರೈಲು ಮಾರ್ಗಕ್ಕಾಗಿ ತೆಂಗಿನ ತೋಟಗಳ ನಡುವೆ ಅಳತೆ ನಡೆಸಿದೆವು. ವಯಸ್ಸಾದ ರೈತರೊಬ್ಬರು ಎರಡು ಎಕರೆ ಕೊಟ್ಟರು. ‘ರೈಲು ಬರುತ್ತದೆಯಾದರೆ ಬರಲಿ ಸ್ವಾಮಿ, ಮೊಮ್ಮಕ್ಕಳು ಕಾಲೇಜಿಗೆ ಹೋಗಲಿ’ ಎಂದರು. ಪರಿಹಾರದ ಆದೇಶಕ್ಕೆ ಸಹಿ ಹಾಕಿದವನು ನಾನೇ. ಪರಿಹಾರ ತಡವಾಯಿತು, ಒಂದು ತುಂಡು ನೆಲಕ್ಕೆ ತಕರಾರು ಬಂತು, ಆ ತುಂಡಿನ ಎರಡೂ ಕಡೆ ಏರಿ ಕಟ್ಟಿ, ನಡುವೆ ಖಾಲಿ ಬಿಟ್ಟು, ಗುತ್ತಿಗೆದಾರ ಹೊರಟುಹೋದ. ಎರಡು ದಶಕಗಳ ನಂತರ ನಾನು ಆ ಊರಿಗೆ ಹೋದಾಗ ರೈಲು ಬಂದಿತ್ತು. ರೈತರು ಇರಲಿಲ್ಲ. ಮೊಮ್ಮಕ್ಕಳು ಓದು ಮುಗಿಸಿ ಬೆಂಗಳೂರು ಸೇರಿದ್ದರು. ಊರಿನ ನಿಲ್ದಾಣದಲ್ಲಿ ದಿನಕ್ಕೆ ನಿಲ್ಲುತ್ತಿದ್ದ ರೈಲುಗಳು ಎರಡೇ, ಅವೂ ಯಾವ ಕಾಲೇಜು ಕಚೇರಿಗೂ ಹೊಂದದ ಹೊತ್ತಿನಲ್ಲಿ. ಕಡತದ ಲೆಕ್ಕದಲ್ಲಿ ಆ ಯೋಜನೆ ‘ಪೂರ್ಣ’ವಾಗಿತ್ತು.

ಅಂದು ನನಗೆ ಹೊಳೆದ ಸತ್ಯವನ್ನೇ ಇಂದು ಹೇಳುತ್ತಿದ್ದೇನೆ. ನಾವು ಒಪ್ಪಂದ ಮಾಡಿಕೊಂಡದ್ದು ಹಳಿಗೆ, ರೈಲಿಗೆ ಅಲ್ಲ. ರಾಜ್ಯ ಅರ್ಧ ಹಣ ಕೊಟ್ಟ ಮಾರ್ಗದಲ್ಲಿ ಎಷ್ಟು ರೈಲು ಓಡಬೇಕು, ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲಬೇಕು, ಎಷ್ಟು ನಿಮಿಷದಲ್ಲಿ ತಲುಪಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ರೈಲ್ವೆಯೇ. ಪ್ರತ್ಯೇಕ ರೈಲ್ವೆ ಬಜೆಟ್ ಇದ್ದ ಕಾಲದಲ್ಲಿ ಕನಿಷ್ಠ ವರ್ಷಕ್ಕೊಮ್ಮೆ ಹೊಸ ರೈಲುಗಳ ಪಟ್ಟಿಯನ್ನಾದರೂ ಸಂಸತ್ತಿನಲ್ಲಿ ಓದುತ್ತಿದ್ದರು. 2017ರಲ್ಲಿ ಅದು ಸಾಮಾನ್ಯ ಬಜೆಟ್ಟಿನೊಡನೆ ವಿಲೀನವಾದ ಮೇಲೆ ಆ ಕಿಂಡಿಯೂ ಮುಚ್ಚಿತು.

ಹೊರಗಿನ ಅನುಭವ ನೋಡೋಣ. ಸ್ವಿಟ್ಜರ್‌ಲೆಂಡ್ 1987ರ ಡಿಸೆಂಬರ್‌ನಲ್ಲಿ ಜನಮತಗಣನೆಯ ಮೂಲಕ ‘ರೈಲು 2000’ ಎಂಬ ಯೋಜನೆಗೆ ಸಾರ್ವಜನಿಕ ಹಣ ಕೊಡಲು ಒಪ್ಪಿತು. ಅವರು ಆರಂಭಿಸಿದ್ದು ಹಳಿಯಿಂದಲ್ಲ, ವೇಳಾಪಟ್ಟಿಯಿಂದ. ಮುಖ್ಯ ಜಂಕ್ಷನ್ನುಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಂಟೆ ತುಂಬುವ ಮೊದಲು ಬಂದು, ಪ್ರಯಾಣಿಕರು ಬದಲಿಸಿಕೊಂಡ ಕೂಡಲೇ ಹೊರಡಬೇಕು. ಅದಕ್ಕಾಗಿ ಎರಡು ಜಂಕ್ಷನ್ನುಗಳ ನಡುವಿನ ಪ್ರಯಾಣ ಒಂದು ಗಂಟೆಗಿಂತ ತುಸು ಕಡಿಮೆಯಿರಬೇಕು. ಎಲ್ಲಿ ಆ ಗುರಿ ತಲುಪಲು ನಿಮಿಷಗಳು ಹೆಚ್ಚಾಗಿದ್ದವೋ ಅಲ್ಲಿ ಮಾತ್ರ ಹೊಸ ಹಳಿ ಕಟ್ಟಿದರು. 2004ರ ಡಿಸೆಂಬರ್‌ನಲ್ಲಿ 45 ಕಿ.ಮೀ.ನ ಹೊಸ ಮಾರ್ಗ ತೆರೆದಾಗ ಜ್ಯೂರಿಕ್–ಬರ್ನ್ ಪ್ರಯಾಣ ಒಂದು ಗಂಟೆಯೊಳಗೆ ಬಂತು. ಸಾಧ್ಯವಿದ್ದಷ್ಟು ವೇಗವಲ್ಲ, ಅಗತ್ಯವಿದ್ದಷ್ಟು ವೇಗ ಎಂಬುದು ಅವರ ಸೂತ್ರ. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ಸಂಪರ್ಕ ರೈಲು ತಪ್ಪಿಸಿಕೊಂಡು ಮೂರು ಗಂಟೆ ಕಾದವರಿಗೆ ಈ ಸೂತ್ರದ ಬೆಲೆ ತಿಳಿಯುತ್ತದೆ.

ಅಮೆರಿಕದ ಅನುಭವ ಬೇರೆ ಬಗೆಯದು. 2009ರ ಆರ್ಥಿಕ ಉತ್ತೇಜನ ಕಾಯ್ದೆಯಡಿ ಅಲ್ಲಿನ ಕೇಂದ್ರ ಸರ್ಕಾರ ವೇಗದ ಪ್ರಯಾಣಿಕ ರೈಲಿಗೆ 800 ಕೋಟಿ ಡಾಲರ್ ತೆಗೆದಿಟ್ಟಿತು. ವಿಸ್ಕಾನ್ಸಿನ್, ಒಹಾಯೊ, ಫ್ಲಾರಿಡಾ ರಾಜ್ಯಗಳ ಗವರ್ನರ್‌ಗಳು ಮುಂದಿನ ವೆಚ್ಚದ ಹೊರೆ ರಾಜ್ಯದ ಮೇಲೆ ಬೀಳುತ್ತದೆಂದು ತಮ್ಮ ಪಾಲನ್ನು ಕೈಬಿಟ್ಟರು. ಇಲಿನಾಯ್ ಒಪ್ಪಿಕೊಂಡಿತು. ಷಿಕಾಗೊ–ಸೇಂಟ್ ಲೂಯಿಸ್ ನಡುವಿನ ಸುಮಾರು 457 ಕಿ.ಮೀ. ಹಳೆಯ ಮಾರ್ಗದ ಹಳಿ, ಸಿಗ್ನಲ್, ಗೇಟುಗಳನ್ನು ಸುಧಾರಿಸಿ, 2023ರ ಜೂನ್‌ನಿಂದ ಗಂಟೆಗೆ 177 ಕಿ.ಮೀ. ವೇಗದಲ್ಲಿ ರೈಲು ಓಡಿಸಲಾಯಿತು. ಹದಿನಾಲ್ಕು ವರ್ಷ ಹಿಡಿಯಿತು, ಸುಮಾರು 200 ಕೋಟಿ ಡಾಲರ್ ತಗುಲಿತು. ಉಳಿದದ್ದು ಗಂಟೆಗಿಂತ ಕಡಿಮೆ. ಇದು ಯಶಸ್ಸೋ ವೈಫಲ್ಯವೋ ಎಂಬ ಚರ್ಚೆ ಅಲ್ಲಿ ನಡೆದಿದೆ. ನಮಗೆ ಮುಖ್ಯವಾದುದು ಬೇರೆ: ಅಲ್ಲಿ ನಿಮಿಷದ ಲೆಕ್ಕವನ್ನು ಜನ ಕೇಳಿದರು, ಸರ್ಕಾರ ಹೇಳಬೇಕಾಯಿತು. ಓಡಿಸುವ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಕಟ್ಟುವ ಮೊದಲೇ ಎತ್ತಲಾಯಿತು.

ಪ್ರಯಾಣಿಕ ರೈಲು ನಷ್ಟದ ಬಾಬ್ತು, ಅದಕ್ಕೆ ರಾಜ್ಯವೇಕೆ ಹಣ ಸುರಿಯಬೇಕು ಎಂಬ ಆಕ್ಷೇಪಕ್ಕೂ ಉತ್ತರಿಸಬೇಕು. ಪ್ರಯಾಣದ ನೂರು ರೂಪಾಯಿ ವೆಚ್ಚದಲ್ಲಿ ಸರಾಸರಿ 46 ರೂಪಾಯಿ ಸಹಾಯಧನವೆಂದು 2024ರಲ್ಲಿ ರೈಲ್ವೆಯೇ ಹೇಳಿತ್ತು. ಆದರೆ ರಸ್ತೆಯ ಲೆಕ್ಕದಲ್ಲಿ ಅಪಘಾತ, ಹೊಗೆ, ದಟ್ಟಣೆ, ಆಮದು ಇಂಧನಗಳ ವೆಚ್ಚವನ್ನು ಯಾರೂ ಬರೆಯುವುದಿಲ್ಲ. ಟಿಕೆಟಿನಿಂದ ಬರುವ ಹಣಕ್ಕಿಂತ ಸಮಾಜಕ್ಕೆ ಆಗುವ ಪ್ರಯೋಜನ ಹೆಚ್ಚಿರುವಲ್ಲಿ ಸಾರ್ವಜನಿಕ ಹಣ ಹಾಕುವುದು ದಾನವಲ್ಲ, ಅರ್ಥಶಾಸ್ತ್ರದ ಮೊದಲ ಪಾಠ. ಮಂಡ್ಯ, ರಾಮನಗರ, ತುಮಕೂರು, ಬಂಗಾರಪೇಟೆಗಳಿಂದ ಬೆಂಗಳೂರಿಗೆ ವಿಶ್ವಾಸಾರ್ಹವಾದ ರೈಲಿದ್ದರೆ ಮನೆಯನ್ನು ಅಲ್ಲೇ ಇಟ್ಟುಕೊಂಡು ದುಡಿಯಲು ಸಾವಿರಾರು ಕುಟುಂಬಗಳಿಗೆ ಸಾಧ್ಯ. ರಾಜಧಾನಿಯ ಬಾಡಿಗೆ, ನೀರು, ದಟ್ಟಣೆಗಳ ಒತ್ತಡವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ತುಮಕೂರಿನವರೆಗೆ ಮೆಟ್ರೊ ಒಯ್ಯುವ ಪ್ರಸ್ತಾವಕ್ಕೆ ಜನಬೆಂಬಲ ದೊರೆತಿರುವುದು ಈ ಹಸಿವಿನ ಸೂಚನೆ. ಆದರೆ ಒಂದೊಂದೂವರೆ ಕಿಲೋಮೀಟರಿಗೆ ನಿಲ್ಲುವ ನಗರ ವಾಹನವನ್ನು 70 ಕಿ.ಮೀ. ದೂರದ ಊರಿಗೆ ಹಿಗ್ಗಿಸುವ ಮೊದಲು, ಅದೇ ದಿಕ್ಕಿನಲ್ಲಿ ಈಗಾಗಲೇ ಇರುವ ಜೋಡಿ ಹಳಿಯಿಂದ ಎಷ್ಟು ಪಡೆಯಬಹುದು ಎಂದು ಲೆಕ್ಕ ಹಾಕಬೇಡವೇ?

ಹಾಗಾದರೆ ಆಗಬೇಕಾದುದೇನು? ನನ್ನ ಸಲಹೆಗಳು ಸರಳ.

ಮೊದಲನೆಯದಾಗಿ, ಇನ್ನು ಮುಂದೆ ರಾಜ್ಯ ಕೊಡುವ ಪ್ರತಿ ರೂಪಾಯಿಯೂ ಸೇವೆಯ ಒಪ್ಪಂದಕ್ಕೆ ಬದ್ಧವಾಗಿರಲಿ. ಇಂಥ ಎರಡು ಊರುಗಳ ನಡುವೆ ಇಷ್ಟು ನಿಮಿಷದ ಪ್ರಯಾಣ, ದಿನಕ್ಕೆ ಇಷ್ಟು ರೈಲು, ಸಮಯಪಾಲನೆ ಇಷ್ಟು ಎಂದು ಬರೆದಿರಲಿ. ಕೊನೆಯ ಕಂತು ಹಳಿ ಮುಗಿದ ದಿನ ಅಲ್ಲ, ಆ ವೇಳಾಪಟ್ಟಿ ಜಾರಿಗೆ ಬಂದ ದಿನ ಬಿಡುಗಡೆಯಾಗಲಿ.

ಎರಡನೆಯದಾಗಿ, ರಾಜ್ಯದ ಮುಖ್ಯ ಮಾರ್ಗಗಳಲ್ಲಿ ಎಲ್ಲೆಲ್ಲಿ ಕಾಯಂ ವೇಗಮಿತಿ ಇದೆ, ಅದನ್ನು ತೆಗೆಯಲು ಎಷ್ಟು ಖರ್ಚು, ಎಷ್ಟು ಪ್ರಯಾಣಿಕರಿಗೆ ಎಷ್ಟು ನಿಮಿಷ ಉಳಿಯುತ್ತದೆ ಎಂಬ ಪಟ್ಟಿಯನ್ನು ರೈಲ್ವೆಯೊಡನೆ ಸೇರಿ ಕೆ–ರೈಡ್ ಸಿದ್ಧಪಡಿಸಿ ಪ್ರಕಟಿಸಲಿ. ಕಡಿಮೆ ಹಣಕ್ಕೆ ಹೆಚ್ಚು ನಿಮಿಷ ಉಳಿಸುವ ಕೆಲಸ ಪಟ್ಟಿಯ ಮೊದಲಿಗೆ ಬರಲಿ. ಯಾವ ಕ್ಷೇತ್ರದಲ್ಲಿದೆ ಎಂಬುದು ಎರಡನೆಯ ಪ್ರಶ್ನೆಯಾಗಲಿ.

ಮೂರನೆಯದಾಗಿ, ಭೂಮಿ ಪೂರ್ತಿ ಕೈಗೆ ಬರುವವರೆಗೆ ಗುತ್ತಿಗೆ ಕರೆಯುವುದು ಬೇಡ. ಪರಿಹಾರ ಪೂರ್ತಿ ಕೊಡುವವರೆಗೆ ಭೂಮಿ ಪಡೆಯುವುದೂ ಬೇಡ. ಇದು ಪೂರ್ತಿಯಾಗಿ ನಮ್ಮ ಕೈಯಲ್ಲಿರುವ ಕೆಲಸ. ಇದನ್ನು ಮಾಡದೆ ದೆಹಲಿಯನ್ನು ದೂರುವ ನೈತಿಕ ಹಕ್ಕು ನಮಗಿಲ್ಲ.

ನಾಲ್ಕನೆಯದಾಗಿ, ಕಟ್ಟುವುದಕ್ಕೆ ಮಾತ್ರವಲ್ಲ, ಓಡಿಸುವುದಕ್ಕೂ ರಾಜ್ಯ ಸ್ವಲ್ಪ ಹಣ ಮೀಸಲಿಡಲಿ. ಮೈಸೂರು, ತುಮಕೂರು ಮತ್ತು ಹುಬ್ಬಳ್ಳಿ ದಿಕ್ಕಿನಲ್ಲಿ ಕಚೇರಿ, ಕಾಲೇಜುಗಳ ಹೊತ್ತಿಗೆ ಹೆಚ್ಚುವರಿ ಮೆಮು ರೈಲುಗಳನ್ನು ಓಡಿಸಿದರೆ ಆಗುವ ಕೊರತೆಯನ್ನು ಒಪ್ಪಂದದ ಮೇಲೆ ತುಂಬಿಕೊಡಲಿ. ಬಸ್ ಪ್ರಯಾಣಕ್ಕೆ ಸಹಾಯಧನ ಕೊಡಬಲ್ಲ ಸರ್ಕಾರಕ್ಕೆ ಇದು ತತ್ವತಃ ಹೊಸದಲ್ಲ.

ಕೊನೆಯದಾಗಿ, ರೈಲಿಗೆ ರಾಜ್ಯ ಎಷ್ಟು ಕೊಟ್ಟಿತು, ಪ್ರತಿಯಾಗಿ ಎಷ್ಟು ನಿಮಿಷ, ಎಷ್ಟು ರೈಲು ಬಂತು ಎಂಬ ಒಂದು ಪುಟದ ಹೇಳಿಕೆ ಪ್ರತಿವರ್ಷ ಬಜೆಟ್ಟಿನೊಡನೆ ವಿಧಾನಮಂಡಲದ ಮುಂದೆ ಬರಲಿ.

ಬುಲೆಟ್ ರೈಲು ಬಂದರೆ ಬರಲಿ. ಚೆನ್ನೈಗೆ, ಹೈದರಾಬಾದಿಗೆ ಹೋಗುವವರಿಗೆ ಅನುಕೂಲವಾಗಲಿ. ಅದರ ಹಣ, ಸಾಲ, ಗಡುವುಗಳ ಚರ್ಚೆ ನಡೆಯುತ್ತಲೇ ಇರುತ್ತದೆ. ಆದರೆ ಆ ಚರ್ಚೆಯ ನೆರಳಿನಲ್ಲಿ ದಿನನಿತ್ಯದ ಪ್ರಯಾಣಿಕ ಮರೆಯಾಗಬಾರದು. ರಂಗಾಚಾರ್ಲು ಅವರ ಕಾಲದಲ್ಲಿ ಕ್ಷಾಮದಿಂದ ಜರ್ಜರಿತವಾದ ಸಂಸ್ಥಾನವೊಂದು ಈ ಹಳಿಯನ್ನು ಹಾಕಿಸಿತು. ಅದಕ್ಕಿಂತ ಎಷ್ಟೋ ಪಾಲು ಸಂಪನ್ನವಾದ ನಾವು, ಅದೇ ಹಳಿಯ ಮೇಲೆ ಅರ್ಧ ಗಂಟೆ ಉಳಿಸಲಾರೆವೆಂದರೆ ಕೊರತೆ ಇರುವುದು ಹಣದಲ್ಲಲ್ಲ.

ಮಂಡ್ಯದ ಪ್ಲಾಟ್‌ಫಾರಂನಲ್ಲಿ ನಿಂತ ಆ ನರ್ಸಿಂಗ್ ವಿದ್ಯಾರ್ಥಿನಿ ಕೋರ್ಸು ಮುಗಿಸುವುದರೊಳಗೆ ರೈಲು ಇನ್ನು ಹತ್ತು ನಿಮಿಷ ಬೇಗ ಬೆಂಗಳೂರು ತಲುಪುವಂತಾದರೂ ಆಗಲಿ. ಅವಳ ಮಕ್ಕಳ ಕಾಲಕ್ಕೆ ಆದರೆ, ತೋಟ ಕೊಟ್ಟ ಆ ರೈತರಿಗೆ ನಾವು ಮಾಡಿದ್ದನ್ನೇ ಅವಳಿಗೂ ಮಾಡಿದಂತಾಗುತ್ತದೆ.